ಕಠಿಣ ಪದಗಳ ಅರ್ಥ

ಇಪ್ಪತ್ತೊಂಬತ್ತು ವರ್ಷಗಳಿಂದ ಇಂಗ್ಲಿಷ್ ಪಾಠ ಹೇಳುತ್ತ ಬಂದಿರುವ ನನ್ನ ಮಟ್ಟಿಗೆ ಎ ಎಂದರೆ ಆಪಲ್, ಬಿ ಎಂದರೆ ಬಾಲ್, ಝಡ್ ಎಂದರೆ ಝೀಬ್ರಾ. ನಮ್ಮ ಶಿರಸಿ ಸೀಮೆಯ ಹಳ್ಳಿಯ ಮಕ್ಕಳಲ್ಲಿ ಝೀಬ್ರಾ ನೋಡಿದವರು ಒಬ್ಬರೂ ಇಲ್ಲ. ಆಪಲ್ ಕೂಡ ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದಾಗ ಮಾತ್ರ ಪೇಟೆಯಿಂದ ಬರುವ ಹಣ್ಣು. ಆದರೂ ಎ ಅಕ್ಷರ ಬೇರೊಂದು ಪದದಿಂದ ಶುರುವಾಗಬಹುದು ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೂ ಎಬಿಸಿಡಿ ತಿದ್ದಿಸಬೇಕಾದ ಮಕ್ಕಳು ಪ್ರತಿ ಜೂನಿನಲ್ಲಿ ನಾಲ್ಕಾರು ಜನ ಸಿಕ್ಕೇ ಸಿಗುತ್ತಾರೆ. ಅವರನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಆಪಲಿನಿಂದ ಹೊರಡುತ್ತೇನೆ. ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತು ಎಂದು ತಿಳಿದುಕೊಂಡಿದ್ದೆ.

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ, ಮಳೆ ಹೊಯ್ಯುತ್ತಿರುವಾಗ, ಕೊರಿಯರಿನ ಹುಡುಗ ಉದ್ದನೆಯ ರಟ್ಟಿನ ಕೊಳವೆಯೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಟ್ಟ. ಬೆಂಗಳೂರಿನಿಂದ ಮಗಳು ಕಳಿಸಿದ್ದು.

"ಕ್ಯಾಲೆಂಡರ್ ಇರಬೇಕು" ಎಂದರು ನಮ್ಮವರು.

"ಆಷಾಢದಲ್ಲಿ ಯಾರಾದರೂ ಕ್ಯಾಲೆಂಡರ್ ಕಳಿಸ್ತಾರಾ?" ಎಂದೆ ನಾನು.

ಕೊಳವೆಯ ಮುಚ್ಚಳ ತೆಗೆದು ಒಳಗಿದ್ದ ದಪ್ಪ ಕಾಗದವನ್ನು ಊಟದ ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ನಾಲ್ಕು ಸ್ಟೀಲ್ ಲೋಟ ಇಟ್ಟೆವು. ಬೂದು ಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಬಣ್ಣದ ಒಂದೇ ಒಂದು ಇಂಗ್ಲಿಷ್ ಪದ. ಗಾರ್ಗನೈಜ್. ಆ ಪದದಲ್ಲಿ ಎರಡು ಓ ಇವೆ. ಎರಡೂ ಕಣ್ಣುಗಳಾಗಿದ್ದವು. ಒಂದು ಓ ಇಂದ ಇನ್ನೊಂದು ಓವರೆಗೆ ತೆಳ್ಳಗೆ ಒಂದು ಗೆರೆ ಎಳೆದು ಅದನ್ನು ಕನ್ನಡಕ ಮಾಡಿದ್ದಳು. ಕಡೆಯ ಅಕ್ಷರಗಳು ಸಾಲಾಗಿ ನಿಂತ ಮಕ್ಕಳ ಹಾಗೆ ಸೆಟೆದು ಕಲ್ಲಾಗಿದ್ದವು. ಮೈಮೇಲೆಲ್ಲ ಶಿಲೆಯ ಬಿರುಕು. ಪುಟದ ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಅರ್ಥ ಬರೆದಿತ್ತು: ನೋಟದಿಂದಲೇ ಎದುರಿಗಿರುವವರನ್ನು ಕಲ್ಲಾಗಿಸುವುದು.

ನಮ್ಮವರು ಪಂಚಾಯತಿಯಲ್ಲಿ ಲೆಕ್ಕ ಬರೆದವರು. ಗಾರ್ಗನೈಜ್ ಎಂಬ ಪದವನ್ನು ಅವರು ಜನ್ಮದಲ್ಲಿ ಕೇಳಿರಲಿಲ್ಲ. ತಳದಲ್ಲಿದ್ದ ಅರ್ಥ ಓದುವುದಕ್ಕೆ ಅವರ ಬಳಿ ಆಗ ಚಾಳೀಸೂ ಇರಲಿಲ್ಲ. ಆದರೂ ಒಂದು ಕ್ಷಣ ನೋಡಿದವರೇ, "ಇದು ನೀನೇ ಅಲ್ಲವೇನೇ?" ಎಂದರು.

ನನಗೆ ನಗು ಬಂತು, ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಬಿ.ಎ., ಬಿ.ಎಡ್. ಮಾಡಿದ ನನಗೆ ನಿಘಂಟು ತೆರೆಯದೆ ಆ ಪದ ತಿಳಿಯುತ್ತಿರಲಿಲ್ಲ. ಲೆಕ್ಕ ಬರೆಯುವ ಮನುಷ್ಯನಿಗೆ ಅದು ನಿಘಂಟಿಲ್ಲದೆ, ಕನ್ನಡಕವೂ ಇಲ್ಲದೆ ತಿಳಿದುಬಿಟ್ಟಿತ್ತು.

ಈ ಮಗಳ ವಿಷಯ ಸ್ವಲ್ಪ ಹೇಳಬೇಕು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದವಳು ಎಂಜಿನಿಯರಿಂಗ್ ಬೇಡ, ಗ್ರಾಫಿಕ್ ಡಿಸೈನ್ ಕಲಿಯುತ್ತೇನೆ ಎಂದು ಹಟ ಹಿಡಿದಳು. ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಹೇಳಿದ ಒಂದು ಮಾತು ಮಾತ್ರ ನೆನಪಿದೆ: "ಅಕ್ಷರ ಇರುವುದು ಓದುವುದಕ್ಕೆ, ನೋಡುವುದಕ್ಕಲ್ಲ." ಅವಳು ಉತ್ತರ ಕೊಡಲಿಲ್ಲ. ಬೆಂಗಳೂರಿಗೆ ಹೋದಳು, ಕಲಿತಳು, ಕೆಲಸವನ್ನೂ ಹಿಡಿದಳು. ಮನೆಗೆ ಬಂದಾಗ ಅಡುಗೆ, ಹವಾಮಾನ, ನೆಂಟರ ಮದುವೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ಕೆಲಸದ ಬಗ್ಗೆ ಮಾತ್ರ ಮಾತಾಡುತ್ತಿರಲಿಲ್ಲ. ಆ ಕೊಳವೆಯೇ ಅವಳ ಕೆಲಸದಿಂದ ನಮ್ಮ ಮನೆಗೆ ಬಂದ ಮೊದಲ ಕಾಗದ.

ಆ ರಾತ್ರಿ ಫೋನು ಮಾಡಿದೆ. "ನಾನು ಮಕ್ಕಳನ್ನು ಅಷ್ಟು ಹೆದರಿಸ್ತೀನೇನೇ?" ಎಂದು ಕೇಳಿದೆ.

"ತಮಾಷೆಗೆ ಮಾಡಿದ್ದು ಅಮ್ಮ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೂರ್ತಿ ತಮಾಷೆಗಲ್ಲ" ಎಂದಳು.

ಆಮೇಲೆ ಮೊದಲ ಸಲ ತನ್ನ ಕೆಲಸದ ಕಥೆ ಹೇಳಿದಳು. ಐರ್ಲೆಂಡಿನಲ್ಲಿ ಜೇಮ್ಸ್ ಮತ್ತು ಮೈಕೆಲ್ ಫಿಟ್ಸ್‌ಜೆರಾಲ್ಡ್ ಎಂಬ ಅವಳಿ ಸಹೋದರರಿದ್ದಾರಂತೆ. 'ದಿ ಪ್ರಾಜೆಕ್ಟ್ ಟ್ವಿನ್ಸ್' ಎಂಬ ಹೆಸರಿನಲ್ಲಿ ಇಬ್ಬರೂ ಸೇರಿ ಚಿತ್ರ ಬರೆಯುತ್ತಾರೆ. 2011ರಲ್ಲಿ ಡಬ್ಲಿನ್ ನಗರದ ವಿನ್ಯಾಸ ಸಪ್ತಾಹಕ್ಕೆಂದು ಅವರು ಎ ಇಂದ ಝಡ್‌ವರೆಗೆ, ಅಕ್ಷರಕ್ಕೆ ಒಂದರಂತೆ, ಇಪ್ಪತ್ತಾರು ಅಪರೂಪದ ಇಂಗ್ಲಿಷ್ ಪದಗಳನ್ನು ಆರಿಸಿ ಒಂದೊಂದಕ್ಕೂ ಒಂದು ಚಿತ್ರ ಮಾಡಿದರು. ಒಂದು ಪದ, ಒಂದು ಸಾಲಿನ ಅರ್ಥ, ಕೆಲವೇ ಬಣ್ಣ, ಸಪಾಟಾದ ಸರಳ ಆಕಾರಗಳು. ಮಗಳು ಕಲಿಯುವಾಗ ಅದನ್ನು ಕಂಡು, ಅದೇ ಪದಗಳನ್ನು ತಾನು ಅಕ್ಷರಗಳಲ್ಲಿಯೇ ಬರೆದು ನೋಡಬೇಕು ಎಂದುಕೊಂಡಳಂತೆ. ಬೇರೆ ಚಿತ್ರದ ಸಹಾಯವಿಲ್ಲದೆ, ಪದದ ಸ್ವಂತ ಅಕ್ಷರಗಳೇ ಅರ್ಥವನ್ನು ಅಭಿನಯಿಸಬೇಕು.

ಮರುದಿನ ಆ ಇಪ್ಪತ್ತಾರರ ಪಟ್ಟಿಯನ್ನು ನನ್ನ ಮೊಬೈಲಿಗೆ ಕಳಿಸಿದಳು. ನೋಡಿದರೆ ಅಲ್ಲಿ ಆಪಲ್ ಇಲ್ಲ! ಎ ಎಂದರೆ ಎಸರ್ಸಿಕಾಮಿಕ್: ಹುಟ್ಟಿದಾಗಿನಿಂದ ತಲೆಗೂದಲು ಕತ್ತರಿಸದವನು. ಗ್ರೀಕರು ತಮ್ಮ ಅಪೊಲೊ ದೇವರನ್ನು ಹೊಗಳುವಾಗ ಹೇಳುತ್ತಿದ್ದ ವಿಶೇಷಣದಿಂದ ಬಂದ ಪದ. ಪಿ ಎಂದರೆ ಪೊಗೊನಾಟ್ರಫಿ: ಗಡ್ಡ ಬೆಳೆಸುವ ಕೆಲಸ. ಗಡ್ಡ ತಾನಾಗಿ ಬೆಳೆಯುವುದಲ್ಲವೇ, ಅದಕ್ಕೊಂದು ದೊಡ್ಡ ಹೆಸರು ಯಾಕೆ ಎಂದು ನಮ್ಮವರು ಕೇಳಿದರು. ಕ್ಯೂ ಎಂದರೆ ಕ್ವೀನ್ ಅಲ್ಲ, ಕ್ವಾಕರ್‌ವಾಜರ್: ದಾರ ಎಳೆದರೆ ಕೈಕಾಲು ಬಡಿಯುವ ಮರದ ಗೊಂಬೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜನ, ಬೇರೆಯವರು ದಾರ ಎಳೆದಂತೆ ಕುಣಿಯುವ ರಾಜಕಾರಣಿಗೂ ಅದೇ ಹೆಸರಿಟ್ಟರು. ಅಂಥ ಉಪಯುಕ್ತ ಪದ ಬಳಕೆ ತಪ್ಪಿದ್ದು ಹೇಗೋ ತಿಳಿಯದು. ಗೊಂಬೆಗಳಂತೂ ಕಡಿಮೆಯಾಗಿಲ್ಲ.

ಡಿ ಎಂದರೆ ಡ್ಯಾಕ್ಟಿಲಿಯನ್. ನಡುಬೆರಳಿನ ತುದಿ. ಈ ಪದ ನನಗೆ ಬಹಳ ಇಷ್ಟವಾಯಿತು. ಶಿರಸಿ ಪೇಟೆಯಲ್ಲಿ ಹೂವಿನವಳು ಮೊಳ ಹಾಕುವಾಗ ಮೊಣಕೈಯಿಂದ ಹಿಡಿದು ದಾರ ಎಲ್ಲಿಗೆ ತಂದು ನಿಲ್ಲಿಸುತ್ತಾಳೆ? ಅದೇ ನಡುಬೆರಳ ತುದಿಗೆ. ಅವಳ ಬೆರಳು ಸ್ವಲ್ಪ ಮಡಿಸಿದೆ ಎಂದು ನಾನು ತಕರಾರು ತೆಗೆಯುವುದೂ ಅಲ್ಲಿಯೇ. ಇಷ್ಟು ಕಾಲ ನಾನು ಜಗಳವಾಡುತ್ತಿದ್ದ ಜಾಗಕ್ಕೆ ಒಂದು ಹೆಸರಿದೆ ಎಂದು ಗೊತ್ತಿರಲಿಲ್ಲ.

ಯು ಎಂದರೆ ಅಂಬ್ರೆಲಾ ಅಲ್ಲ, ಅಲ್ಟ್ರಾಕ್ರೆಪಿಡೇರಿಯನ್. ಇದರ ಹಿಂದೆ ಒಂದು ಕಥೆ ಇದೆ. ಗ್ರೀಸಿನ ಚಿತ್ರಕಾರ ಅಪೆಲಿಸ್ ತನ್ನ ಚಿತ್ರಗಳನ್ನು ಜನರ ಎದುರಿಗಿಟ್ಟು ಅವರ ಮಾತು ಕೇಳಿಸಿಕೊಳ್ಳುತ್ತಿದ್ದನಂತೆ. ಒಬ್ಬ ಚಮ್ಮಾರ ಚಿತ್ರದಲ್ಲಿದ್ದ ಪಾದರಕ್ಷೆಯಲ್ಲಿ ತಪ್ಪು ಹುಡುಕಿದ, ಅಪೆಲಿಸ್ ತಿದ್ದಿಕೊಂಡ. ಮರುದಿನ ಉತ್ಸಾಹ ಹೆಚ್ಚಾಗಿ ಅವನು ಕಾಲಿನಲ್ಲಿಯೂ ತಪ್ಪು ತೆಗೆದ. ಪಾದರಕ್ಷೆಯಿಂದ ಮೇಲಕ್ಕೆ ಬರಬೇಡ ಎಂದ ಚಿತ್ರಕಾರ. ರೋಮಿನ ಪ್ಲಿನಿ ಬರೆದಿಟ್ಟ ಈ ಕಥೆಯಿಂದ ಹುಟ್ಟಿದ ಪದವನ್ನು 1819ರಲ್ಲಿ ವಿಲಿಯಂ ಹ್ಯಾಜ್ಲಿಟ್ ತನ್ನನ್ನು ಟೀಕಿಸಿದ ವಿಲಿಯಂ ಗಿಫರ್ಡ್‌ಗೆ ಬರೆದ ಬಹಿರಂಗ ಪತ್ರದಲ್ಲಿ ಬಳಸಿದ. ಗಿಫರ್ಡ್ ಚಿಕ್ಕಂದಿನಲ್ಲಿ ನಿಜವಾಗಿ ಚಮ್ಮಾರನ ಬಳಿ ಕೆಲಸಕ್ಕಿದ್ದವನು. ಹಾಗಾಗಿ ಆ ಪದದ ಒಳಗೆ ಒಂದು ಮುಳ್ಳೂ ಇತ್ತು. ಬಿ.ಎ.ಯಲ್ಲಿ ಹ್ಯಾಜ್ಲಿಟ್‌ನ ಪ್ರಬಂಧಗಳನ್ನು ಓದಿ ಮೆಚ್ಚಿಕೊಂಡವಳು ನಾನು. ಅವನಲ್ಲಿ ಇಂಥ ಮುಳ್ಳಿತ್ತೆಂದು ಯಾರೂ ಪಾಠ ಮಾಡಿರಲಿಲ್ಲ. ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವರು ಎಂದು ಆ ಪದದ ಅರ್ಥ. ಪಟ್ಟಿಯಲ್ಲಿ ಅದನ್ನು ಓದುವಾಗ ಮಗಳ ಓದಿನ ವಿಷಯದಲ್ಲಿ ನಾನು ಕೊಟ್ಟ ತೀರ್ಪು ನೆನಪಾಯಿತು. ಅವಳು ಅದನ್ನು ನನಗೆಂದೇ ಬರೆದು ಕಳಿಸಲಿಲ್ಲವಲ್ಲ, ಅದು ಅವಳ ಒಳ್ಳೆಯತನ.

ಮುಂದಿನ ಸಲ ಊರಿಗೆ ಬಂದಾಗ ಮಗಳು ತನ್ನ ಕೆಲಸದ ಒಳಗುಟ್ಟನ್ನು ಹೇಳಿಕೊಟ್ಟಳು. ನ್ಯೂಯಾರ್ಕಿನಲ್ಲಿ ಹರ್ಬ್ ಲುಬಾಲಿನ್ ಎಂಬ ದೊಡ್ಡ ಅಕ್ಷರ ವಿನ್ಯಾಸಕಾರ ಇದ್ದ, 1981ರಲ್ಲಿ ತೀರಿಹೋದ. 1965ರಲ್ಲಿ ಅವನು 'ಮದರ್ ಅಂಡ್ ಚೈಲ್ಡ್' ಎಂಬ ಪತ್ರಿಕೆಗೆ ಶೀರ್ಷಿಕೆ ಬರೆದುಕೊಟ್ಟ. ಮದರ್ ಪದದ ದುಂಡನೆಯ ಓ ಒಳಗೆ 'ಮತ್ತು' ಎಂಬುದರ ಚಿಹ್ನೆ ಮುದುರಿ ಕುಳಿತಿದೆ. ಆ ಚಿಹ್ನೆಯ ಮಡಿಲಲ್ಲಿ ಚೈಲ್ಡ್ ಎಂಬ ಪದ ಪುಟ್ಟದಾಗಿ ಮಲಗಿದೆ. ಬಸಿರು ಎಂದರೂ ಸರಿ, ತೊಡೆ ಎಂದರೂ ಸರಿ. ಆ ಪತ್ರಿಕೆ ಕೊನೆಗೂ ಹೊರಬರಲೇ ಇಲ್ಲ. ಶೀರ್ಷಿಕೆ ಮಾತ್ರ ಉಳಿದು, ಇಂದಿಗೂ ಈ ವಿದ್ಯೆ ಕಲಿಯುವವರಿಗೆಲ್ಲ ಪಾಠವಾಗಿದೆ.

"ಅವನು ಸುಲಭದ ಪದ ತೆಗೆದುಕೊಂಡ. ನೀವೆಲ್ಲ ಯಾಕೆ ಯಾರಿಗೂ ಗೊತ್ತಿಲ್ಲದ ಪದ ಹುಡುಕ್ತೀರಿ?" ಎಂದು ನಾನು ಕೇಳಿದೆ.

"ಮದರ್ ಅಂತ ಬರೆದರೆ ನೀನು ಅಕ್ಷರ ನೋಡ್ತೀಯಾ ಅಮ್ಮ? ನೇರವಾಗಿ ಅರ್ಥಕ್ಕೆ ಹಾರಿಬಿಡ್ತೀಯ. ಗೊತ್ತಿರುವ ಪದದಲ್ಲಿ ಅಕ್ಷರ ಕಾಣಿಸೋದೇ ಇಲ್ಲ. ಲುಬಾಲಿನ್ ಅಂಥವನಿಗೆ ಮಾತ್ರ ಅದನ್ನು ಕಾಣಿಸೋದು ಸಾಧ್ಯ. ಗೊತ್ತಿಲ್ಲದ ಪದ ಬಂದರೆ ಹಾರೋದಕ್ಕೆ ಜಾಗ ಇಲ್ಲ. ನಿಂತು ನೋಡಲೇಬೇಕು. ಆಗ ಎಲ್ಲರೂ ಒಂದನೇ ಕ್ಲಾಸಿನ ಮಕ್ಕಳೇ. ನಾನು ಅವರ ಕೈ ಹಿಡಿದುಕೊಂಡು ಹೋಗ್ತೀನಿ, ಅಷ್ಟೆ."

ಈ ಮಾತು ನನ್ನ ತಲೆಯಲ್ಲಿ ಬಹಳ ದಿನ ತಿರುಗುತ್ತಿತ್ತು. ಕಷ್ಟದ ಪದದ ಎದುರು ಓದು ಬಂದವರೂ ಓದು ಬಾರದವರಾಗುತ್ತಾರೆ ಎಂಬುದು ಹೊಸ ಮಾತೇನಲ್ಲ. ಇಂಗ್ಲಿಷಿನ ಮೊಟ್ಟಮೊದಲ ನಿಘಂಟು ಹುಟ್ಟಿದ್ದೇ ಆ ಕಾರಣಕ್ಕೆ. 1604ರಲ್ಲಿ ಅದನ್ನು ಮಾಡಿದವನು ರಾಬರ್ಟ್ ಕಾಡ್ರಿ. ನಮ್ಮ ಹಾಗೆಯೇ ಶಾಲೆಯಲ್ಲಿ ಪಾಠ ಹೇಳಿದ ಮಾಸ್ತರ. ಇಡೀ ಭಾಷೆಯ ಪದಗಳನ್ನು ಅವನು ಸಂಗ್ರಹಿಸಲಿಲ್ಲ. ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್ ಕಡೆಯಿಂದ ಬಂದ ಸುಮಾರು 2500 ಕಠಿಣ ಪದಗಳನ್ನು ಮಾತ್ರ ಆರಿಸಿ ಸುಲಭದ ಅರ್ಥ ಕೊಟ್ಟ. ಪುಸ್ತಕ ಯಾರಿಗಾಗಿ ಎಂದು ಮುಖಪುಟದಲ್ಲಿಯೇ ಹೇಳಿದ್ದಾನೆ: ಹೆಂಗಸರಿಗೆ ಮತ್ತು ಅವರಂತೆ ವಿದ್ಯೆ ಸಾಲದ ಇತರರಿಗೆ! ಓದಿ ಮೊದಲು ಸಿಟ್ಟು ಬಂತು. ಆಮೇಲೆ ಅವನು ಮುನ್ನುಡಿಯಲ್ಲಿ ಪಟ್ಟಿರುವ ಪಾಡು ತಿಳಿದು ಸಿಟ್ಟು ಇಳಿಯಿತು. ಅಕಾರಾದಿಯಲ್ಲಿ ಪದ ಹುಡುಕುವುದು ಆಗಿನವರಿಗೆ ಗೊತ್ತಿರಲಿಲ್ಲ. ಅದಕ್ಕಾಗಿ, ಮೊದಲು ಅಕ್ಷರಮಾಲೆಯನ್ನು ಪುಸ್ತಕ ನೋಡದೆ ಹೇಳಲು ಕಲಿಯಿರಿ, ಎ ಇಂದ ಶುರುವಾಗುವ ಪದವನ್ನು ಪುಸ್ತಕದ ಆರಂಭದಲ್ಲಿ ಹುಡುಕಿ ಎಂದು ಬಿಡಿಸಿ ಬಿಡಿಸಿ ಹೇಳಿದ್ದಾನೆ. ಕಡೆಯ ಬೆಂಚಿನವರಿಗೂ ಅರ್ಥವಾಗಲಿ ಎಂಬ ಆಸೆ ಇದ್ದ ಮಾಸ್ತರ ಮಾತ್ರ ಹಾಗೆ ಬರೆಯಬಲ್ಲ. ಆ ಪುಸ್ತಕದ ಮೊದಲ ಮುದ್ರಣದ ಒಂದೇ ಒಂದು ಪ್ರತಿ ಇಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ.

ಆಕ್ಸ್‌ಫರ್ಡಿನ ಮಹಾನಿಘಂಟನ್ನು ಕಟ್ಟಿದ ಜೇಮ್ಸ್ ಮರೆಯೂ ಶಾಲಾ ಮಾಸ್ತರನೇ. 1879ರಲ್ಲಿ ಒಪ್ಪಿಕೊಂಡ ಕೆಲಸ. ಮನೆಯ ಪಕ್ಕ ಒಂದು ತಗಡಿನ ಶೆಡ್ಡು ಹಾಕಿಸಿ, ಗೋಡೆ ತುಂಬ ಗೂಡು ಮಾಡಿಸಿ, ಲೋಕದ ಮೂಲೆಮೂಲೆಯಿಂದ ಓದುಗರು ಬರೆದು ಕಳಿಸಿದ ಚೀಟಿಗಳನ್ನು ಆ ಗೂಡುಗಳಲ್ಲಿ ತುಂಬಿಸಿದ. ಅವನಿಗೆ ಹನ್ನೊಂದು ಮಕ್ಕಳು. ಚೀಟಿಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿಕೊಟ್ಟರೆ ಮಕ್ಕಳಿಗೆ ಪುಡಿಗಾಸು ಸಿಗುತ್ತಿತ್ತು. 1884ರಲ್ಲಿ ಮೊದಲ ಸಂಚಿಕೆ ಹೊರಬಂತು. 1915ರಲ್ಲಿ ಮರೆ ತೀರಿಹೋದ. ನಿಘಂಟು ಮುಗಿದದ್ದು 1928ರಲ್ಲಿ, 4 ಲಕ್ಷಕ್ಕೂ ಹೆಚ್ಚು ಪದಗಳೊಂದಿಗೆ. ಬಳಕೆ ತಪ್ಪಿದ ಪದವನ್ನು ಅದರಲ್ಲಿ ಬಿಸಾಡಿಲ್ಲ. ಪಕ್ಕಕ್ಕೆ ಒಂದು ಸಣ್ಣ ಕಠಾರಿಯ ಗುರುತು ಹಾಕಿ ಉಳಿಸಿದ್ದಾರೆ. ಸತ್ತರೂ ಹೆಸರು ಪಟ್ಟಿಯಲ್ಲಿರುತ್ತದೆ.

ಅಷ್ಟು ಎಚ್ಚರವಿದ್ದರೂ ಒಂದು ಪದ ತಪ್ಪಿಹೋಯಿತು. ಬಾಂಡ್‌ಮೇಡ್, ಅಂದರೆ ದಾಸಿ, ಜೀತದ ಹೆಣ್ಣು. ಅವಳ ಚೀಟಿಗಳು ಎಲ್ಲಿಯೋ ಸಿಕ್ಕಿಕೊಂಡು, ಆ ಸಂಪುಟ ಅಚ್ಚಾದ ಮೇಲೆ ಸಿಕ್ಕಿದವು. 1933ರ ಪುರವಣಿಯವರೆಗೆ ಅವಳು ಹೊರಗೇ ಉಳಿದಳು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಹಾಜರಿ ಪುಸ್ತಕದಿಂದಲೂ ಒಂದು ಚೀಟಿ ತಪ್ಪಿಹೋಗಿತ್ತು.

1998ರ ಮಾತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಆಗಿನ್ನೂ ಮಕ್ಕಳು ನಮ್ಮನ್ನು ಅಕ್ಕೋರೆ ಎಂದು ಕರೆಯುತ್ತಿದ್ದರು. ಎಂಟನೇ ತರಗತಿಯ ಒಬ್ಬ ಹುಡುಗ, ಹೆಸರು ಬೇಡ, ಗುಡ್ಡದ ಆಚೆಯಿಂದ ನಡೆದು ಬರುತ್ತಿದ್ದ. ಲೆಕ್ಕದಲ್ಲಿ ಚುರುಕು. ಕನ್ನಡ ಹೇಗೋ ಓದುತ್ತಿದ್ದ. ಇಂಗ್ಲಿಷಿನಲ್ಲಿ ಮಾತ್ರ ಸಣ್ಣ ಬಿ ಬರೆಯಬೇಕಾದಲ್ಲಿ ಡಿ, ಡಿ ಬರೆಯಬೇಕಾದಲ್ಲಿ ಬಿ. ಕೋಲು ಎಡಕ್ಕಿದ್ದು ಹೊಟ್ಟೆ ಬಲಕ್ಕಿದ್ದರೆ ಬಿ, ಕೋಲು ಬಲಕ್ಕಿದ್ದು ಹೊಟ್ಟೆ ಎಡಕ್ಕಿದ್ದರೆ ಡಿ ಎಂದು ನೂರು ಸಲ ಹೇಳಿದೆ. ನೂರಾ ಒಂದನೆಯ ಸಲವೂ ತಪ್ಪು. ಬೇಕೆಂದೇ ಮಾಡುತ್ತಾನೆ ಎಂದು ನನ್ನ ತೀರ್ಮಾನ. ತಪ್ಪು ಬರೆದ ಪದಗಳನ್ನೆಲ್ಲ ಹತ್ತು ಹತ್ತು ಸಲ ಬರೆದು ತಾ ಎಂದೆ.

ಮರುದಿನ ಪಟ್ಟಿ ತಂದ. ಹಾಳೆಯಲ್ಲಿ ಬೆಡ್ ಎಂಬ ಪದ ಒಂದೇ ಸಲ, ದೊಡ್ಡದಾಗಿ. ಬಿಯ ಕೋಲು ಮಂಚದ ತಲೆಯ ಕಡೆಯ ಕಂಬ, ಡಿಯ ಕೋಲು ಕಾಲ ಕಡೆಯ ಕಂಬ. ನಡುವಿನ ಇ ಮೇಲೆ ಕಂಬಳಿ ಹೊದ್ದು ಒಬ್ಬ ಮುದುಕ ಮಲಗಿದ್ದಾನೆ. ಮುದುಕನ ಮೀಸೆ ಕೂಡ ಕಾಣುತ್ತಿತ್ತು. ಅಕ್ಷರ ಎರಡೂ ಸರಿಯಾಗಿದ್ದವು. ಅದು ನನಗೆ ಕಾಣಲಿಲ್ಲ. ಹತ್ತು ಸಲ ಬರೆಯಲು ಹೇಳಿದರೆ ಚಿತ್ರ ಬರೆದು ತಂದಿದ್ದಾನಲ್ಲ ಎಂಬುದಷ್ಟೇ ಕಂಡಿತು. ಇಡೀ ತರಗತಿಯ ಎದುರು ಹಾಳೆ ಹರಿದೆ. ಅಂಗೈಗೆ ಸ್ಕೇಲಿನಲ್ಲಿ ಎರಡು ಕೊಟ್ಟೆ. ಆಮೇಲೆ ಅವನನ್ನು ನೋಡಿದೆ. ಯಾವ ನೋಟ ಎಂದು ಈಗ ಮಗಳ ಕಾಗದ ನೋಡಿ ತಿಳಿಯಬಹುದು. ಅವನು ಅಳಲಿಲ್ಲ. ಹಾಗೇ ನಿಂತಿದ್ದ.

ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಅಪ್ಪ ಅಮ್ಮನ ಜೊತೆ ಗಟ್ಟದ ಕೆಳಗೆ ಕೆಲಸಕ್ಕೆ ಹೋದನೆಂದು ಜೊತೆಯ ಮಕ್ಕಳು ಹೇಳಿದರು. ಹೋಗುವುದಕ್ಕೆ ಬಡತನವೇ ಕಾರಣವಿರಬಹುದು. ನನ್ನ ಎರಡೇಟು ಇಲ್ಲದಿದ್ದರೂ ಅವನು ಹೋಗುತ್ತಿದ್ದನೋ ಏನೋ. ಹೀಗೆ ಹೇಳಿಕೊಂಡು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದವಳೂ ನಾನೇ.

ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದು ಮಕ್ಕಳನ್ನು ಹೊಡೆಯುವುದಕ್ಕೆ ನಿಷೇಧವಾಯಿತು. ಅದಾದ ಕೆಲವು ವರ್ಷಕ್ಕೆ ಒಂದು ತರಬೇತಿಯಲ್ಲಿ, ಅಕ್ಷರ ಅದಲುಬದಲಾಗುವುದು ಕೆಲವು ಮಕ್ಕಳ ಕಣ್ಣಿನ ತಪ್ಪೂ ಅಲ್ಲ, ಹಟವೂ ಅಲ್ಲ, ಮಿದುಳು ಅಕ್ಷರವನ್ನು ಹಿಡಿಯುವ ರೀತಿಯೇ ಬೇರೆ ಎಂದು ತಿಳಿಸಿದರು. ಅಂಥವರಿಗೆ ಹೀಗೆ ಕಲಿಸಿ ಎಂದು ತೋರಿಸಿಕೊಟ್ಟರು: ಎರಡೂ ಕೈ ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲೆತ್ತಿ, ಎದುರುಬದುರು ಹಿಡಿಯಿರಿ. ಎಡಗೈ ಬಿ, ಬಲಗೈ ಡಿ. ನಡುವೆ ಇ ಇದೆ ಎಂದುಕೊಳ್ಳಿ. ಬೆಡ್. ಮಂಚ. ಸಭಾಂಗಣದಲ್ಲಿದ್ದ ಎಲ್ಲ ಶಿಕ್ಷಕರೂ ಮುಷ್ಟಿ ಕಟ್ಟಿ ನಗುತ್ತಿದ್ದರು. ನನ್ನ ಕೈ ಮೇಲೇಳಲಿಲ್ಲ. ತರಬೇತಿಯವರು ಎಲ್ಲಿಂದಲೋ ಕಲಿತು ಬಂದದ್ದನ್ನು ಹದಿಮೂರು ವರ್ಷದ ಹುಡುಗ ಗುಡ್ಡದ ಆಚೆಯ ಮನೆಯಲ್ಲಿ ದೀಪದ ಎದುರು ಕುಳಿತು ತಾನೇ ಕಂಡುಹಿಡಿದಿದ್ದ. ನಾನು ಅದನ್ನು ಹರಿದಿದ್ದೆ.

ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಮಗಳ ಕಾಗದ ಬಂದ ಮೇಲೆ ಹೇಳಬೇಕೆನ್ನಿಸಿತು, ಆದರೆ ಧೈರ್ಯವಾಗಲಿಲ್ಲ. ಬದಲಿಗೆ ಒಂದು ಕೆಲಸ ಮಾಡಿದೆ. ಒಂಬತ್ತನೇ ತರಗತಿಯಲ್ಲಿ ಶನಿವಾರದ ಕೊನೆಯ ಅವಧಿಗೆ ಒಂದೊಂದು ಅಪರೂಪದ ಪದ ಬೋರ್ಡಿನ ಮೇಲೆ ಬರೆದು, ಅರ್ಥ ಹೇಳಿ, ಇದನ್ನು ಅಕ್ಷರದಲ್ಲೇ ಕಾಣಿಸಿ ಎಂದೆ. ಮೊದಲ ಶನಿವಾರ ಮಾಂಟಿವೇಗಂಟ್: ಬೆಟ್ಟಗುಡ್ಡಗಳಲ್ಲಿ ಅಲೆಯುವವನು. "ಟೀಚರ್, ಅಂದರೆ ನಾವೇ!" ಎಂದು ಕೂಗಿದರು. ಸರಿಯೇ. ನಮ್ಮ ಅರ್ಧ ಮಕ್ಕಳು ದಿನಾ ಗುಡ್ಡ ಹತ್ತಿಳಿದೇ ಶಾಲೆಗೆ ಬರುವವರು. ಒಬ್ಬ ಹುಡುಗ ಮೊದಲಿನ ಎಂ ಅನ್ನು ಎರಡು ಬೆಟ್ಟ ಮಾಡಿದ. ನಡುವಿನ ವಿ ಕಣಿವೆ. ಕೊನೆಯ ಟಿ ಕೊಡೆ ಹಿಡಿದ ಮನುಷ್ಯ. ಇನ್ನೊಬ್ಬಳು ಎಲ್ಲ ಅಕ್ಷರಗಳ ಕಾಲಿಗೂ ಉಂಬಳ ಹತ್ತಿಸಿದಳು. ಉಂಬಳ ಇಲ್ಲದ ಗುಡ್ಡ ಅವಳಿಗೆ ಗೊತ್ತಿಲ್ಲ. ಐರ್ಲೆಂಡಿನ ಆ ಸಹೋದರರಿಗೆ ಇದು ಹೊಳೆದಿರಲಾರದು.

ಎಲ್ಲವೂ ಹೀಗೇ ಸುಗಮವಾಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ಮಕ್ಕಳು ಹೂಬಳ್ಳಿ ಸುತ್ತಿ ಪದವನ್ನು ಮದುವೆ ಮಂಟಪ ಮಾಡಿ ತಂದರು; ಅರ್ಥಕ್ಕೂ ಅಲಂಕಾರಕ್ಕೂ ಸಂಬಂಧವಿಲ್ಲ. ಮಗಳಿಗೆ ತೋರಿಸಿದಾಗ, "ಇದು ಬಟ್ಟೆ ಅಮ್ಮ, ಮೈಯಲ್ಲ. ಬಟ್ಟೆ ತೆಗೆದರೂ ಅರ್ಥ ಉಳಿಯಬೇಕು" ಎಂದಳು. ಇದನ್ನೇ ಮಕ್ಕಳಿಗೂ ಹೇಳಿದೆ.

ತೊಂದರೆ ಬಂದದ್ದು ಕಿರುಪರೀಕ್ಷೆಯಲ್ಲಿ. ಪಾಠದಲ್ಲಿದ್ದ ರಿಲಕ್ಟಂಟ್ ಎಂಬ ಪದದ ಅರ್ಥ ಬರೆಯಿರಿ ಎಂದು ಒಂದು ಅಂಕದ ಪ್ರಶ್ನೆ. ಒಬ್ಬ ಹುಡುಗಿ ಅರ್ಥ ಬರೆಯಲಿಲ್ಲ. ಪದವನ್ನೇ ಬರೆದಿದ್ದಳು. ಎಂಟು ಅಕ್ಷರ ಸಾಲಾಗಿ ಹೊಳೆಗೆ ಇಳಿಯುತ್ತಿವೆ. ಕೊನೆಯ ಟಿ ಮಾತ್ರ ದಡದಲ್ಲಿ ಹಿಂದಕ್ಕೆ ವಾಲಿಕೊಂಡು, ಒಂದು ತೋಳಿನಲ್ಲಿ ಗಿಡ ಹಿಡಿದುಕೊಂಡು ನಿಂತಿದೆ. ಒಲ್ಲದ ಮನಸ್ಸು ಎಂದರೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಅಂಕ ಕೊಡಬೇಕೇ ಬೇಡವೇ? ಕೊಟ್ಟರೆ ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆಯಲ್ಲೂ ಚಿತ್ರ ಬರೆದು ಬರುತ್ತಾಳೆ. ಅಲ್ಲಿ ತಿದ್ದುವವರ ಕೈಯಲ್ಲಿ ಮಾದರಿ ಉತ್ತರದ ಹಾಳೆ ಇರುತ್ತದೆ, ಸೊನ್ನೆ ಬೀಳುತ್ತದೆ. ಕೊಡದಿದ್ದರೆ ನಾನು 1998ಕ್ಕೆ ವಾಪಸು ಹೋದಂತೆ. ಆ ಐರಿಷ್ ಪಟ್ಟಿಯ ಕೊನೆಯ ಪದ ಜುಗ್‌ಜ್ವಾಂಗ್. ಜರ್ಮನ್ ಭಾಷೆಯಿಂದ ಚದುರಂಗಕ್ಕೆ ಬಂದದ್ದು. ನಡೆ ನಡೆಯಲೇಬೇಕು, ಯಾವ ಕಾಯಿ ನಡೆಸಿದರೂ ಆಟ ಕೆಡುತ್ತದೆ ಎಂಬ ಸ್ಥಿತಿ. ಆ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು, ಕೆಂಪು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ, ಆ ಪದದ ಅರ್ಥ ಯಾವ ಚಿತ್ರವೂ ಇಲ್ಲದೆ ನನಗೆ ತಿಳಿಯಿತು.

ಸಹೋದ್ಯೋಗಿಯೊಬ್ಬರು, "ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಕೊಡಿ, ಇಂಗ್ಲಿಷಿನಲ್ಲಿ ಬೇಡ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಒಂದು ಅಂಕ ಕೊಟ್ಟೆ. ಆಮೇಲೆ ಹುಡುಗಿಯನ್ನು ಕರೆದು ಹೇಳಿದೆ: "ನಿನಗೆ ಅರ್ಥ ಗೊತ್ತಿದೆ ಅಂತ ನನಗೆ ಗೊತ್ತಾಯಿತು. ಆದರೆ ಎಲ್ಲರ ಬಳಿಯೂ ನಿಂತು ನೋಡೋದಕ್ಕೆ ಸಮಯ ಇರೋದಿಲ್ಲ ಮಗಾ. ಚಿತ್ರದ ಕೆಳಗೆ ಒಂದು ಸಾಲು ಬರೆದುಬಿಡು." ಅವಳು ತಲೆಯಾಡಿಸಿದಳು. ಒಪ್ಪಿಯೋ, ಒಲ್ಲದ ಮನಸ್ಸಿನಿಂದಲೋ ತಿಳಿಯಲಿಲ್ಲ.

ಆ ದೀಪಾವಳಿಗೆ ಮಗಳು ಬಂದಳು. ಹಬ್ಬದ ರಾತ್ರಿ ಪಾತ್ರೆ ತೊಳೆಯುತ್ತ ಆ ಹುಡುಗನ ಕಥೆಯನ್ನು ಅವಳಿಗೆ ಹೇಳಿದೆ. ಮಂಚ, ಮುದುಕ, ಮೀಸೆ, ಸ್ಕೇಲು, ಎಲ್ಲವನ್ನೂ. ಅವಳು ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು. ನನಗೆ ಸಮಾಧಾನ ಹೇಳಲಿಲ್ಲ. ಅದು ಒಳ್ಳೆಯದೇ ಆಯಿತು.

"ನನಗೆ ಬೆಡ್ ಅಂತ ಒಂದು ಮಾಡಿಕೊಡ್ತೀಯಾ? ಅದು ಅಪರೂಪದ ಪದವಲ್ಲ, ಗೊತ್ತು. ಕ್ಲಾಸಿನಲ್ಲಿ ಹಾಕ್ತೀನಿ" ಎಂದೆ.

ಅವಳು ತಟ್ಟೆ ಕೆಳಗಿಟ್ಟಳು. "ಅದನ್ನು ಅವನೇ ಮಾಡಿದಾನಲ್ಲ ಅಮ್ಮ. ನಾನು ಮಾಡಿದರೆ ನನ್ನದಾಗುತ್ತೆ" ಎಂದಳು.

ಗಾರ್ಗನೈಜ್‌ಗೆ ಕಟ್ಟು ಹಾಕಿಸಿದ್ದೇನೆ. ನಮ್ಮವರು ಅದನ್ನು ಹಾಲಿನಲ್ಲಿ ಹಾಕೋಣ ಎಂದರು. ನಾನು ಬೀರುವಿನ ಕನ್ನಡಿಯ ಪಕ್ಕ ಹಾಕಿದೆ. ಶಾಲೆಗೆ ಹೊರಡುವ ಮುಂಚೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಾಗ ಎರಡು ಓಗಳೂ ನನ್ನನ್ನು ನೋಡುತ್ತವೆ.

ಈ ಜೂನಿನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬಂದರು. ಬಿ, ಡಿ ತಪ್ಪುವವರು ಮೂವರಿದ್ದರು. ಬೋರ್ಡಿನ ಮೇಲೆ ದೊಡ್ಡದಾಗಿ ಬೆಡ್ ಎಂದು ಬರೆದೆ. ಬಿಗೆ ತಲೆಗಂಬ, ಡಿಗೆ ಕಾಲುಗಂಬ. ಇ ಮೇಲೆ ಕಂಬಳಿ ಹೊದಿಸಿ ಒಬ್ಬ ಮುದುಕನನ್ನು ಮಲಗಿಸಿದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಮೀಸೆ ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ ಹೋಯಿತು. ಮಕ್ಕಳು ನಕ್ಕರು.

"ಇದನ್ನು ಯಾರು ಕಂಡುಹಿಡಿದಿದ್ದು ಟೀಚರ್?" ಎಂದು ಮುಂದಿನ ಬೆಂಚಿನವನೊಬ್ಬ ಕೇಳಿದ.

"ಇದೇ ಶಾಲೆಯಲ್ಲಿ, ಇದೇ ಕ್ಲಾಸಿನಲ್ಲಿ ಓದುತ್ತಿದ್ದ ಒಬ್ಬ ಹುಡುಗ" ಎಂದೆ. ಅವನ ಹೆಸರು ಹೇಳಿದೆ. ಅವನು ಕುಳಿತುಕೊಳ್ಳುತ್ತಿದ್ದ ಜಾಗವನ್ನೂ ತೋರಿಸಿದೆ.